ಬ್ರೇಕ್ ಒತ್ತಿದರೆ ಅಂಕ ಕಡಿತ

ನವೆಂಬರ್ 24, ಸೋಮವಾರ
ಇವತ್ತೂ ಎಪ್ಪತ್ತೆಂಟು. ನವುಲೆಯಿಂದ ಕಾಗದನಗರದ ಸ್ಕೂಲಿಗೆ ಹೋಗಿ, ಗಂಟಲು ಹರಿಯುವಷ್ಟು ಪಾಠ ಮಾಡಿ ಬಂದವಳಿಗೆ ‘ಸುಸ್ತಾಯ್ತಾ’ ಎಂಬ ಮಾತಿಲ್ಲ, ಮಾರ್ಕ್ಸ್ ಇದೆ. ಇನ್ಶೂರೆನ್ಸ್ ಕಂಪನಿಯ ಆ್ಯಪ್ ನನ್ನ ಫೋನಿನಲ್ಲಿ ಕೂತು ನನ್ನ ಡ್ರೈವಿಂಗ್ ಅಳೆಯುತ್ತದೆ. ವರದಿ ಹೋಗುವುದು ಇವರ ಫೋನಿಗೆ. ಪಾಲಿಸಿ ಇವರ ಹೆಸರಿನಲ್ಲಿದೆಯಲ್ಲ. ಎಪ್ಪತ್ತಕ್ಕಿಂತ ಕೆಳಗಿಳಿದರೆ ಕಾರು ಮನೆಯಲ್ಲಿ, ನಾನು ಬಸ್ಸಿನಲ್ಲಿ — ಶ್ರೀಮಾನ್ ಗಂಡ ವಾದಿರಾಜರ ತೀರ್ಪು. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಕಾರಿಗೆ ಒಂದು ಗೀರು ಬಿದ್ದಿಲ್ಲ. ಅದಕ್ಕೆ ಮಾರ್ಕ್ಸ್ ಇಲ್ಲ.

ನವೆಂಬರ್ 27
ಭದ್ರಾವತಿ ಹತ್ತಿರದ ಒಳರಸ್ತೆಯಲ್ಲಿ ರಾಗಿ ಹರವಿದ್ದಾರೆ. ಗಾಡಿಗಳು ಮೇಲೆ ಹತ್ತಿ ಹೋದರೆ ಅದೇ ಒಕ್ಕಣೆ. ಹೆಂಗಸೊಬ್ಬಳು ಹುಲ್ಲು ತಿರುವುತ್ತಾ, ಹಿಂದೆ ನೋಡದೆ ಕಾರಿಗೇ ಅಡ್ಡ ಬಂದಳು. ಬ್ರೇಕ್ ಒತ್ತಿದೆ. ನಿಂತಿತು. ಅವಳು ನಕ್ಕಳು. ದ್ಯಾಮಮ್ಮ ಅಂತೆ ಹೆಸರು.
“ಮೇಲೇ ಹತ್ತಿಸ್ಕಂಡು ಹೋಗ್ರಮ್ಮ, ಕಾಳು ಉದುರ್ಲಿ.”
ಸಂಜೆ ಇವರು ಫೋನ್ ಹಿಡಿದೇ ಬಾಗಿಲು ತೆಗೆದರು. “ಹಾರ್ಶ್ ಬ್ರೇಕಿಂಗ್ ಅಂತ ಬಂದಿದೆ. ಎಪ್ಪತ್ಮೂರು.”
“ಒಂದು ಜೀವ ಉಳೀತು.”
“ಅದು ಸರಿ ಮಾರಾಯ್ತಿ. ಸ್ವಲ್ಪ ಮೆತ್ತಗೆ ಹಿಡೀಬಹುದಿತ್ತಲ್ಲ? ಕಂಪ್ಯೂಟರ್ ಸುಳ್ಳು ಹೇಳಲ್ಲ.”
ಮೈಯೆಲ್ಲ ಉರಿಯಿತು.

ನವೆಂಬರ್ 30, ಭಾನುವಾರ
ಹೊಳಲೂರಿಗೆ, ನಾಮಕರಣಕ್ಕೆ. ಓಡಿಸಿದ್ದು ಇವರು. ತಿರುವಿನಲ್ಲಿ ಓವರ್‌ಟೇಕ್, ಹಂಪ್ ಬಂದಾಗಲೆಲ್ಲ ಗಕ್ಕನೆ ಬ್ರೇಕ್. ನನ್ನ ಫೋನ್ ಬ್ಯಾಗಿನಲ್ಲಿತ್ತು, ಬ್ಯಾಗ್ ತೊಡೆಯ ಮೇಲೆ. ಎಪ್ಪತ್ತೊಂದು. ನನ್ನ ಲೆಕ್ಕಕ್ಕೆ. ಕಂಪನಿಗೆ ಫೋನ್ ಮಾಡಿದೆ. “ಯಾರು ಓಡಿಸ್ತಿದ್ರು ಅಂತ ಸಿಸ್ಟಂಗೆ ಗೊತ್ತಾಗಲ್ಲ ಮೇಡಂ.” ಹಾಗಾದರೆ ಏನು ಮಣ್ಣು ಗೊತ್ತು ಅದಕ್ಕೆ? ಇವರು ಹೋಳಿಗೆ ತಿಂದ ಆಯಾಸಕ್ಕೆ ಗೊರಕೆ ಹೊಡೆಯುತ್ತಿದ್ದಾರೆ. ಇನ್ನೊಂದೇ ಒಂದು ಜೋರು ಬ್ರೇಕ್ — ಕೀ ಹೋಯಿತು.

ಡಿಸೆಂಬರ್ 5
ಬ್ರೇಕ್ ಒತ್ತದೆ ಓಡಿಸುವುದನ್ನು ಕಲಿತೆ. ಸಿಗ್ನಲ್ ಹಳದಿಯಾದರೆ ನಿಲ್ಲುವುದಿಲ್ಲ, ನುಗ್ಗುತ್ತೇನೆ. ನಾಯಿ ಬಂದರೆ ಹಾರ್ನ್. ಎಪ್ಪತ್ತೊಂಬತ್ತು. ಇವರೇ ಕಾಫಿ ಮಾಡಿ ಕೊಟ್ಟರು. ನಾಚಿಕೆಗೆಟ್ಟು ಕುಡಿದೆ.

ಡಿಸೆಂಬರ್ 12
ಬರೆಯಲು ಆಗಿರಲಿಲ್ಲ. ಮಂಗಳವಾರ. ಅದೇ ಒಳರಸ್ತೆ. ದ್ಯಾಮಮ್ಮ ಹುಲ್ಲಿನ ಮೇಲೆ ಬಗ್ಗಿದ್ದಳು. ದೂರದಿಂದಲೇ ನನಗೆ ಕಂಡಿದ್ದಳು. ಸರಿಯುತ್ತಾಳೆ ಅಂದುಕೊಂಡೆ. ಹಾರ್ನ್ ಮಾಡಿದೆ. ಕಾಲು ಬ್ರೇಕಿನ ಮೇಲೇ ಇತ್ತು... ಮೆಲ್ಲಗೆ, ಮೆಲ್ಲಗೆ ಅಂದುಕೊಂಡೇ ಒತ್ತಿದೆ. ಕಾರು ನಿಲ್ಲುವಷ್ಟರಲ್ಲಿ ಅವಳು ಬಿದ್ದಿದ್ದಳು.
ತೊಡೆಮೂಳೆ ಮುರಿದಿದೆ. ಆಪರೇಷನ್ ಆಯಿತು. ಮತ್ತೆ ಬಗ್ಗಿ ಕೆಲಸ ಮಾಡುತ್ತಾಳೋ ಇಲ್ಲವೋ, ಡಾಕ್ಟರ್ ಹೇಳುತ್ತಿಲ್ಲ.
ಇವರು ಆ ದಿನದ ವರದಿ ತೆಗೆದಿಟ್ಟುಕೊಂಡಿದ್ದಾರೆ. ಹಾರ್ಶ್ ಬ್ರೇಕಿಂಗ್ ಇಲ್ಲ. ಎಂಬತ್ತೆರಡು. “ನಿನ್ನ ತಪ್ಪಿಲ್ಲ ಅನ್ನೋದಕ್ಕೆ ಇದೇ ಸಾಕ್ಷಿ. ಪೊಲೀಸರಿಗೂ ಇದನ್ನೇ ತೋರಿಸೋಣ.”
ಆ ಫೋನನ್ನು ಕಿತ್ತುಕೊಂಡು ಗೋಡೆಗೆ ಅಪ್ಪಳಿಸಬೇಕೆನಿಸಿತು. ಸಿಟ್ಟು ಯಾರ ಮೇಲೆ ಎಂದು ಈಗ ಗೊತ್ತಾಗುತ್ತಿಲ್ಲ.

ಡಿಸೆಂಬರ್ 13
ಆಸ್ಪತ್ರೆಗೆ ಹೋಗಿದ್ದೆ. ಬಸ್ಸಿನಲ್ಲಿ. ದ್ಯಾಮಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
“ನಿಮ್ಮ ಕಾರು ಅಂತ ಗೊತ್ತಾಯ್ತು ಕಣಮ್ಮ. ನೀವು ನಿಲ್ಲಿಸ್ತೀರಿ ಅಂತ ನಾನು ಏಳ್ಲಿಲ್ಲ. ಬ್ರೇಕ್ ಕೆಟ್ಟಿತ್ತಾ?”
ಬ್ರೇಕ್ ಸರಿಯಿತ್ತು. ನಾನು ಮಾರ್ಕ್ಸಿಗಾಗಿ ಮೆಲ್ಲಗೆ ಒತ್ತಿದ್ದೆ.