ನನ್ನ ಅಡುಗೆಮನೆಯಲ್ಲಿ ಹರಿಯುವ ನಿಮ್ಮ ಕಾಲುವೆ

ಮಾನ್ಯ ಆಯುಕ್ತರೇ,

ತಮ್ಮ ಮಳೆನೀರಿನ ಕಾಲುವೆ ನನ್ನ ಅಡುಗೆಮನೆಯ ನಟ್ಟನಡುವೆ ಹರಿಯುತ್ತಿದೆ ಎಂಬ ಸಮಾಚಾರ ತಮ್ಮ ಕಚೇರಿಯ ನೋಟೀಸಿನಿಂದ ತಿಳಿಯಿತು. ಒಲೆಯ ಎಡಪಕ್ಕದಲ್ಲಿ ಒಳಬಂದು, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಹಾದು, ಹಿಂದಿನ ಗೋಡೆ ತೂರಿಕೊಂಡು ಹೊರಗೆ ಹೋಗುತ್ತದಂತೆ. ಇಷ್ಟು ವರ್ಷ ಅಲ್ಲಿ ಅನ್ನ ಬೇಯಿಸಿ ಉಂಡ ನಮಗೆ ಒಂದು ದಿನವೂ ಕಾಲು ಒದ್ದೆಯಾಗಲಿಲ್ಲ. ನಮ್ಮ ಕಾಲಿನದೇ ದೋಷವಿರಬೇಕು. ಕಾಲುವೆಯ ಜಾಗ ಒತ್ತುವರಿ ಮಾಡಿರುವ ಕಾರಣ ಬರುವ ಸೋಮವಾರ ತಮ್ಮ ತೆರವು ವಿಭಾಗದವರು ಬಂದು ಆ ಅಡುಗೆಮನೆಯನ್ನು ಕೆಡವಲಿದ್ದಾರೆ. ತಮ್ಮ ಕಚೇರಿಯ ಟಪಾಲಿಗೆ ಹಾಕಿದ್ದು ತಮ್ಮ ಮೇಜಿಗೆ ಬರುವಷ್ಟರಲ್ಲಿ ಗೋಡೆ ಬಿದ್ದಿರುತ್ತದೆ. ಆದ್ದರಿಂದ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಕಾಲೇಜಿನಲ್ಲಿ ನಮಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವುದನ್ನು ಕಲಿಸಿದ್ದರು. 'ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸಬ್ಮಿಟ್' ಎನ್ನುವವರೆಗೆ ನೆನಪಿದೆ. ಏನನ್ನು ಸಬ್ಮಿಟ್ ಮಾಡಬೇಕೆಂಬುದು ಮರೆತುಹೋಗಿದೆ. ಹಾಗಾಗಿ ಬಂದ ಭಾಷೆಯಲ್ಲೇ ಬರೆಯುತ್ತೇನೆ. ನನ್ನದು ಕನ್ನಡಕದ ಅಂಗಡಿ. ಈಗ ಅರ್ಧ ದಿನ ಮಾತ್ರ ಬಾಗಿಲು ತೆರೆಯುತ್ತೇನೆ. ಮನೆಯಲ್ಲಿ ನಾನೊಬ್ಬನೇ, ಹೆಂಡತಿ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಅವಳ ತಂಗಿ ಪಕ್ಕದ ಬೀದಿಯಲ್ಲಿದ್ದಾಳೆ. ದಿನಾ ಬಂದು, ನಾನು ಉಂಡಿದ್ದೇನೋ ಇಲ್ಲವೋ ಎಂದು ಪಾತ್ರೆಯ ಮುಚ್ಚಳ ತೆಗೆದು ನೋಡಿ, ಬೈದು ಹೋಗುತ್ತಾಳೆ.

ತಮ್ಮ ಮೇಲ್ವಿಚಾರಕರು ಗೋಡೆಗೆ ಗುರುತು ಹಾಕಲು ಬಂದ ದಿನದ ಸಂಗತಿ ಮೊದಲು ಹೇಳುತ್ತೇನೆ. ಒಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬ, ಇನ್ನೊಂದು ಕೈಯಲ್ಲಿ ಫೋನು. ಫೋನಿನಲ್ಲಿ, ತಾವು ಎಲ್ಲರಿಗೂ ಕಾಣಲೆಂದು ಜಾಲತಾಣದಲ್ಲಿ ಹಾಕಿಸಿರುವ ನಕ್ಷೆ. ಅದರ ನೀಲಿ ಗೆರೆ ಎಲ್ಲಿ ಕರೆದರೆ ಅಲ್ಲಿಗೆ ಹೆಜ್ಜೆ ಹಾಕುತ್ತಾ, ನಡುಮನೆ ದಾಟಿ, ಒಲೆಯ ಮುಂದೆ ಬಂದು ನಿಂತರು.

"ಯಜಮಾನ್ರೇ, ನಾವಿಬ್ರೂ ಈಗ ಕಾಲುವೆ ಮಧ್ಯ ನಿಂತಿದ್ದೀವಿ" ಎಂದರು.

"ನೆಲ ಒಣಗೇ ಇದೆಯಲ್ಲಪ್ಪ."

"ನೆಲ ನಂಗೆ ಗೊತ್ತಿಲ್ಲ. ಮ್ಯಾಪಲ್ಲಿ ನೀರಿದೆ."

ಕಿಟಕಿ ತೆರೆದು ತೋರಿಸಿದೆ. ಕಾಲುವೆ ಗೋಡೆಯ ಆಚೆ, ಎಂದಿನಂತೆ, ಮನೆಯನ್ನು ಬಳಸಿಕೊಂಡು ಹೋಗುತ್ತಿತ್ತು. ಅವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೀರನ್ನು ನೋಡಿದರು, ಒಳಗೆ ಬಂದು ಫೋನನ್ನು ನೋಡಿದರು. ಮತ್ತೊಮ್ಮೆ ನೀರನ್ನು ನೋಡಿದರು. ಆಮೇಲೆ ಅವರ ಮುಖದಲ್ಲಿ ಎಲ್ಲವೂ ಅರ್ಥವಾದ ಕಳೆ ಬಂತು.

"ಹೋ, ಹಾಗಾದ್ರೆ ನೀವೇ ತಿರುಗಿಸಿದ್ದೀರಿ! ಇದು ಇನ್ನೊಂದು ಕೇಸು" ಎಂದು ಅದನ್ನೂ ಬರೆದುಕೊಂಡರು.

ಹೀಗೆ ಒತ್ತುವರಿಯ ಜೊತೆಗೆ ಕಾಲುವೆ ತಿರುಗಿಸಿದ ಆಪಾದನೆಯೂ ನನ್ನ ಮೇಲೆ ಬಂದಿದೆ. ಕನ್ನಡಕದ ಸ್ಕ್ರೂ ತಿರುಗಿಸಿ ಹೊಟ್ಟೆ ಹೊರೆದವನಿಗೆ ಒಂದು ಕಾಲುವೆಯನ್ನೇ ತಿರುಗಿಸುವಷ್ಟು ತಾಕತ್ತಿದೆ ಎಂದು ಸರ್ಕಾರ ಲಿಖಿತವಾಗಿ ಒಪ್ಪಿಕೊಂಡಿದೆ. ನನ್ನ ಹೆಂಡತಿ ಇದ್ದಿದ್ದರೆ ನಂಬುತ್ತಿರಲಿಲ್ಲ. ನಲ್ಲಿಯ ವಾಷರ್ ಬದಲಿಸಲಿಕ್ಕೂ ನಾನು ಇನ್ನೊಬ್ಬರನ್ನು ಕರೆಯುತ್ತಿದ್ದೆ.

ಮೇಲ್ವಿಚಾರಕರು ಗೋಡೆಗೆ ದೊಡ್ಡದೊಂದು ಕೆಂಪು ಗುಣಾಕಾರದ ಗುರುತು ಹಾಕಿದರು. ನಾನು ಅವರಿಗೆ ಟೀ ಮಾಡಿಕೊಟ್ಟೆ. ನನಗೆ ಕೋಪ ಬರಲಿಲ್ಲ. ಬರಬೇಕಿತ್ತು ಎಂಬುದು ಗೊತ್ತಿತ್ತು, ಕಾಯುತ್ತಾ ನಿಂತೆ, ಬರಲಿಲ್ಲ. ಈಚೆಗೆ ಏನು ಬರಬೇಕೋ ಅದು ಬರುವುದಿಲ್ಲ. ಬಣ್ಣ ಒಣಗುವುದನ್ನು ನೋಡುತ್ತಾ ಕೂತಿದ್ದೆ.

ಸಂಜೆ ನಾದಿನಿ ಬಂದಳು. ಗೋಡೆ ನೋಡಿದಳು, ತೊಟ್ಟಿಯಲ್ಲಿದ್ದ ಎರಡು ಲೋಟ ನೋಡಿದಳು.

"ಭಾವ, ಅಕ್ಕ ಇದ್ದಿದ್ರೆ ಆ ಬಣ್ಣದ ಡಬ್ಬ ಅವನ ತಲೆ ಮೇಲೇ ಬೋರಲು ಹಾಕ್ತಿದ್ಲು. ನೀವು ಟೀ ಮಾಡಿಕೊಟ್ರಾ?"

"ಬಿಸಿಲಲ್ಲಿ ಬಂದಿದ್ದ, ಪಾಪ."

"ನಾಳೆ ಬಂದು ತಲೆ ಕೇಳಿದ್ರೆ?"

"ಕನ್ನಡಕ ತೆಗೆದಿಟ್ಟು ಕೊಡ್ತೀನಿ."

ಅವಳು ನಗಲಿಲ್ಲ. "ತಮಾಷೆ ಸಾಕು ಭಾವ. ಮನೆ ಒಡೆಯೋಕೆ ಬಂದವರ ಮುಂದೆ ಮರದ ಗೊಂಬೆ ಥರ ಕೂತ್ಕೊಂಡ್ರೆ ಆಯ್ತಾ? ನಾಳೆ ಆ ಕಚೇರಿಗೆ ಹೋಗಿ. ಹೋಗ್ತೀರೋ, ನಾನೇ ಕೈ ಹಿಡಿದು ಕರಕೊಂಡು ಹೋಗ್ಲೋ?" ಎಂದಳು. ಅವಳು ಕೈ ಹಿಡಿದು ಕರೆದುಕೊಂಡು ಹೋಗುವವಳೇ. ಅದಕ್ಕೇ ಹೋದೆ.

ತಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ, ಲಿಫ್ಟು ನಿಲ್ಲದ ಕಡೆ, ನಕ್ಷೆ ವಿಭಾಗವಿದೆ. ತಾವು ನೋಡಿರಲಿಕ್ಕಿಲ್ಲ. ಕಿಟಕಿಗೆ ರಟ್ಟು ಅಂಟಿಸಿದ ಕೋಣೆ, ಫ್ಯಾನಿನಂತೆ ಸದ್ದು ಮಾಡುವ ಒಂದು ದೊಡ್ಡ ಕಂಪ್ಯೂಟರು, ಅದರ ಮುಂದೆ ಒಬ್ಬ ಎಂಜಿನಿಯರು. ಒಳ್ಳೆಯ ಮನುಷ್ಯ. ಕುರ್ಚಿಯ ಮೇಲಿದ್ದ ಟಿಫಿನ್ ಡಬ್ಬಿ ತೆಗೆದು ನನ್ನನ್ನು ಕೂರಿಸಿದರು. ನೋಟೀಸು ಓದಿ, ನಿಲ್ಲದ ಕನ್ನಡಕವನ್ನು ಮೂಗಿನ ಮೇಲೆ ಎರಡು ಸಲ ತಳ್ಳಿಕೊಂಡು, "ಅಯ್ಯೋ, ಇದು ನಮ್ಮ ಗೆರೆ ಸಾರ್" ಎಂದರು.

ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ತಮಗೂ ಹೇಳುತ್ತೇನೆ. ಊರಿನ ಎಲ್ಲ ಕಾಲುವೆಗಳನ್ನೂ ಅಳೆಯುವವರು ಉಪಕರಣ ಹಿಡಿದು ನಡೆದು, ಹೆಜ್ಜೆ ಹೆಜ್ಜೆಗೂ ಒಂದು ಚುಕ್ಕಿ ಇಟ್ಟು ಬಂದಿದ್ದಾರೆ. ಆ ಚುಕ್ಕಿಗಳನ್ನು ಸೇರಿಸಿದರೆ ಕಾಲುವೆ. ಲೆಕ್ಕವಿಲ್ಲದಷ್ಟು ಚುಕ್ಕಿ; ಆದ್ದರಿಂದ ಫೈಲು ಆನೆಯಂತಾಯಿತು. ಅದನ್ನು ಇದ್ದ ಹಾಗೇ ಜನರ ಮುಂದೆ ಇಟ್ಟರು.

"ಯಾರ ಫೋನಲ್ಲೂ ತೆರೀಲಿಲ್ಲ ಸಾರ್. ಗಿರಗಿರ ಸುತ್ತೋದು, ಸುತ್ತೋದು, ಆಮೇಲೆ ಬೆಳ್ಳಗೆ ಬರೀ ಪರದೆ. ಜನ ಬಾಯಿಗೆ ಬಂದ ಹಾಗೆ ಬೈದ್ರು. ಮೇಲಿಂದ ಆರ್ಡರ್ ಬಂತು, ಹಗುರ ಮಾಡಿ ಅಂತ. ಸಣ್ಣಪುಟ್ಟ ಬಾಗುಗಳನ್ನೆಲ್ಲ ಬಿಟ್ಟುಬಿಡು ಅಂತ ಕಂಪ್ಯೂಟರಿಗೆ ಹೇಳಿದ್ವಿ. ನಡುವಿನ ಚುಕ್ಕಿ ತೆಗೆದುಹಾಕಿ, ಆ ತುದಿಗೂ ಈ ತುದಿಗೂ ನೇರ ಗೆರೆ ಎಳೀತು. ಈಗ ಪಟ್ ಅಂತ ತೆರೆಯುತ್ತೆ, ನೋಡಿ!"

ಪಟ್ ಎಂದು ತೆರೆಯಿತು. ನನ್ನ ಮನೆ ಪಟ್ ಎಂದು ಹೋಗಿತ್ತು.

"ಹತ್ತಿರ ಹೋಗಿ ನೋಡಿದ್ರೆ ಬಾಗು ಕಾಣಲ್ವಾ?" ಎಂದು ಕೇಳಿದೆ.

"ಎಷ್ಟು ಹತ್ತಿರ ಹೋದ್ರೂ ಅದೇ ಗೆರೆ ಸಾರ್, ದಪ್ಪ ಆಗುತ್ತೆ ಅಷ್ಟೇ. ನಕ್ಷೇನ ಚೌಕ ಚೌಕವಾಗಿ ಕತ್ತರಿಸಿಟ್ಟು, ನೋಡೋರು ಹತ್ತಿರ ಬಂದಾಗ ಆ ಚೌಕದ ಪೂರ್ತಿ ಗೆರೆ ಮಾತ್ರ ಕಳಿಸೋ ದಾರಿ ಇದೆ. ಭಾರಾನೂ ಆಗಲ್ಲ, ಸುಳ್ಳೂ ಆಗಲ್ಲ. ಬರೆದು ಕೊಟ್ಟಿದ್ವಿ. ಮುಂದಿನ ಹಂತದಲ್ಲಿ ನೋಡೋಣ ಅಂದ್ರು."

ಮುಂದಿನ ಹಂತ ಯಾವಾಗ ಬರುತ್ತದೋ ತಾವೇ ಬಲ್ಲಿರಿ. ಸೋಮವಾರ ಅದಕ್ಕಿಂತ ಮುಂಚೆ ಬರುತ್ತದೆ.

ಕನ್ನಡಕ ಮಾರುವವನಾಗಿ ಒಂದು ಮಾತು. ದೂರದ್ದು ನೋಡಲು ಒಂದು ಗಾಜು, ಹತ್ತಿರದ್ದಕ್ಕೆ ಇನ್ನೊಂದು. ದೂರದ ಕನ್ನಡಕದಲ್ಲಿ ಊರೆಲ್ಲ ಚೊಕ್ಕವಾಗಿ ಕಾಣುತ್ತದೆ; ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನೇ ಹಾಕಿಕೊಂಡು ಸೂಜಿಗೆ ದಾರ ಪೋಣಿಸಲು ಹೊರಟರೆ ಬೆರಳಿಗೆ ಚುಚ್ಚುತ್ತದೆ. ತಾವು ಚುಚ್ಚುತ್ತಿರುವುದು ಬೇರೆಯವರ ಬೆರಳಿಗೆ, ಅದಕ್ಕೇ ತಮಗೆ ತಿಳಿದಿಲ್ಲ. ನಕ್ಷೆಯ ಅಡಿಯಲ್ಲಿ 'ವೀಕ್ಷಣೆಗೆ ಮಾತ್ರ' ಎಂದು ಬರೆಸಿದ್ದೀರಿ. ನನ್ನ ಅಂಗಡಿಯ ಕಣ್ಣು ಪರೀಕ್ಷೆಯ ಹಲಗೆಯಲ್ಲಿ ಕೊನೆಯ ಸಾಲಿನ ಅಕ್ಷರವೂ ಅದಕ್ಕಿಂತ ದಪ್ಪವಿದೆ. ಸ್ವಾಮೀ, ವೀಕ್ಷಣೆಗೆ ಮಾತ್ರ ಎಂದ ಮೇಲೆ ಹಾರೆ ಹಿಡಿದು ವೀಕ್ಷಿಸುವುದು ಯಾವ ಕಾನೂನಿನಲ್ಲಿದೆ?

ಅಸಲು ಫೈಲನ್ನು ಒಮ್ಮೆ ತೋರಿಸಿ ಎಂದೆ. "ತುಂಬಾ ಹೊತ್ತಾಗುತ್ತೆ ಸಾರ್" ಎಂದರು. ನನಗೆ ಬೇರೇನು ಕೆಲಸ? ಒತ್ತಿದರು. ಪರದೆ ಬೆಳ್ಳಗಾಯಿತು. ಕಾಯುತ್ತಾ ಕೂತೆವು. ಅವರ ಕನ್ನಡಕದ ಕಡ್ಡಿ ಸಡಿಲವಾಗಿ ಪದೇ ಪದೇ ಜಾರುತ್ತಿತ್ತು. ಕೇಳಿ ತೆಗೆದುಕೊಂಡು, ಜೇಬಿನಲ್ಲಿ ಸದಾ ಇರುವ ಸಣ್ಣ ತಿರುಪುಳಿಯಿಂದ ಬಿಗಿ ಮಾಡಿ, ಬಟ್ಟೆಯಿಂದ ಒರೆಸಿ ಕೊಟ್ಟೆ. ಅವರು ಹಾಕಿಕೊಂಡು ತಲೆ ಅಲ್ಲಾಡಿಸಿ ನೋಡಿದರು. ಜಾರಲಿಲ್ಲ. ಅಷ್ಟು ಹೊತ್ತಿಗೆ ಪರದೆಯ ಮೂಲೆಯಿಂದ ಗೆರೆಗಳು ತುಂಡು ತುಂಡಾಗಿ ಬರತೊಡಗಿದವು. ಯಾರದೋ ಬಡಾವಣೆ, ಮಾರುಕಟ್ಟೆಯ ಹಿಂಭಾಗ, ಬಸ್ ಡಿಪೋ. ಕೊನೆಗೆ ನಮ್ಮ ಬೀದಿ. ಕಾಲುವೆ ನೇರ ಬಂತು. ನಮ್ಮ ಮನೆಯ ಹತ್ತಿರ ಬಂದು, ಮಲಗಿದವರನ್ನು ತುಳಿಯಬಾರದು ಎಂದು ಬಳಸಿ ನಡೆಯುವ ಹಾಗೆ, ಅಡುಗೆಮನೆಯನ್ನು ಸುತ್ತಿಕೊಂಡು ಮುಂದೆ ಹೋಯಿತು.

"ಇಲ್ಲಿ ಯಾಕೆ ಸಾರ್ ಹೀಗೆ ಬಾಗಿದೆ?" ಎಂದರು ಎಂಜಿನಿಯರು.

"ಬಂಡೆ" ಎಂದೆ.

ಅಡುಗೆಮನೆಯ ಕೆಳಗೆ ಬಂಡೆಯಿದೆ. ಹಿಂದೆ ಕಾಲುವೆ ತೋಡಿದವರು ಅದನ್ನು ಒಡೆಯಲಾರದೆ ಪಕ್ಕಕ್ಕೆ ಸರಿದು ತೋಡಿದರು. ನಾವು ಅದರ ಮೇಲೆ ಅಡುಗೆಮನೆ ಕಟ್ಟಿದೆವು. ನೆಲ ಇವತ್ತಿಗೂ ಒಂದು ಕಡೆ ಓರೆ. ಕೈಜಾರಿದ ಆಲೂಗಡ್ಡೆ ಯಾವತ್ತೂ ಅದೇ ಮೂಲೆಗೆ ಉರುಳಿ ನಿಲ್ಲುತ್ತದೆ.

ಇದನ್ನು ಬರೆದುಕೊಡಿ ಎಂದೆ. ತೆರವು ವಿಭಾಗದವರು ಕೇಳಿದರೆ ಮಾತ್ರ ಕೊಡಬಹುದು ಎಂದರು. ಕೆಳಗಿಳಿದು ತೆರವು ವಿಭಾಗಕ್ಕೆ ಹೋದೆ. ಆ ಫೈಲು ನಮ್ಮ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ, ಒಮ್ಮೆ ತೆರೆಯಲು ಹೋಗಿ ಊಟದ ಹೊತ್ತಿನವರೆಗೆ ಇಡೀ ವಿಭಾಗವೇ ಸ್ತಬ್ಧವಾಗಿತ್ತು, ಆದ್ದರಿಂದ ನಾವು ಕೇಳುವುದಿಲ್ಲ ಎಂದರು. ತೆರೆಯದ್ದನ್ನು ಕೇಳುವುದಿಲ್ಲ, ಕೇಳದ್ದನ್ನು ಕೊಡುವುದಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆ ಕೇಳಿದ್ದೆ. ಈಗ ಕೊಟ್ಟಿಗೆಯನ್ನೇ ಕೆಡವಲು ಹೊರಟವರನ್ನು ನೋಡಿದೆ.

ಮಾನ್ಯರೇ, ತಮ್ಮವರನ್ನು ದೂರಲು ನನಗೆ ಪೂರ್ತಿ ಬಾಯಿ ಬರುವುದಿಲ್ಲ. ಕಾರಣ, ಫೈಲು ಹಗುರ ಮಾಡುವುದು ಏನೆಂದು ನನಗೂ ಗೊತ್ತು. ಅಂಗಡಿಗೆ ಬಂದವರು, "ಏನಾಗಿತ್ತು ಮನೆಯವರಿಗೆ?" ಎಂದು ಕೇಳುತ್ತಾರೆ. "ಹುಷಾರಿರಲಿಲ್ಲ, ಹೋದ ಮಳೆಗಾಲದಲ್ಲಿ ಹೋದಳು" ಎನ್ನುತ್ತೇನೆ. ಒಂದು ಚುಕ್ಕಿ, ಇನ್ನೊಂದು ಚುಕ್ಕಿ, ನಡುವೆ ನೇರ ಗೆರೆ. ಪಟ್ ಎಂದು ತೆರೆಯುತ್ತದೆ, ಪಟ್ ಎಂದು ಮುಚ್ಚುತ್ತದೆ. ಕೇಳಿದವರು ಫ್ರೇಮು ಆರಿಸಲು ತೊಡಗುತ್ತಾರೆ. ಇದರಿಂದ ಇಬ್ಬರಿಗೂ ಅನುಕೂಲ. ಪೂರ್ತಿ ತೆರೆದರೆ ನಾನೂ ಬೆಳ್ಳನೆಯ ಪರದೆಯಾಗಿ ನಿಂತುಬಿಡುತ್ತೇನೇನೋ ಎಂಬ ಭಯ. ಆದ್ದರಿಂದ ಹಗುರ ಮಾಡಿದ್ದು ತಪ್ಪು ಎನ್ನಲಾರೆ. ಆದರೆ ಆ ನೇರ ಗೆರೆಯೇ ನಿಜ ಎಂದು ನಾನು ಯಾರ ಗೋಡೆಗೂ ಬಣ್ಣ ಬಳಿದಿಲ್ಲ.

ತಾವು ಕೇಳಿಲ್ಲ, ಆದರೂ ನನ್ನ ಗೆರೆಯ ಒಂದು ಬಾಗನ್ನು ಇಲ್ಲಿ ತೆರೆಯುತ್ತೇನೆ. ಅದು ತಾವು ಕೆಡವಲಿರುವ ಕೋಣೆಗೇ ಸೇರಿದ್ದು.

ಏಳಲಾರದಂತಾದ ಮೇಲೆ ಅವಳು ಮಂಚವನ್ನು ಅಡುಗೆಮನೆಗೇ ಹಾಕಿಸಿಕೊಂಡಳು. ನೆಲ ಓರೆಯಾದ್ದರಿಂದ ಮಂಚದ ಒಂದು ಕಾಲಿನ ಕೆಳಗೆ ಮರದ ತುಂಡು ಇಟ್ಟೆ. "ನಾನು ಹೋದ ಮೇಲೆ ನೀವು ಹೋಟೆಲಲ್ಲಿ ತಿಂದು ಹೊಟ್ಟೆ ಕೆಡಿಸ್ಕೋಬಾರ್ದು, ಕಲೀರಿ" ಎಂದು ಮಲಗಿದಲ್ಲಿಂದಲೇ ಅಡುಗೆ ಕಲಿಸಿದಳು. ಅವಳಿಗೆ ಒಲೆ ಕಾಣುತ್ತಿರಲಿಲ್ಲ, ಅದು ಬೆನ್ನ ಹಿಂದಿತ್ತು. ಬಾಣಲೆಯ ಸದ್ದಿನಲ್ಲೇ ಹೇಳುತ್ತಿದ್ದಳು. "ಈರುಳ್ಳಿ ಕೆಂಪಾಗೋ ತನಕ ಕಾಯಿರಿ ಅಂದೆ, ಕಪ್ಪಾಗೋ ತನಕ ಅಲ್ಲ. ಅಯ್ಯೋ, ಉರಿ ಸಣ್ಣ ಮಾಡಿ! ಊರಿಗೆಲ್ಲ ಕಣ್ಣು ಕೊಡ್ತೀರಿ, ಒಂದು ಈರುಳ್ಳಿ ಬಣ್ಣ ಗೊತ್ತಾಗಲ್ವಾ?" ಒಮ್ಮೆ ನಾನು ಆಲೂಗಡ್ಡೆ ಕೈಜಾರಿಸಿದೆ. ಅದು ಉರುಳುವ ಸದ್ದು ಕೇಳಿ, ನಿಲ್ಲುವವರೆಗೂ ಸುಮ್ಮನಿದ್ದು, ಮೂಲೆಗೆ ತಗಲಿದ ಮೇಲೆ ಅವಳು ನಕ್ಕಳು. ಕೆಮ್ಮು ಬರುವಷ್ಟು ನಕ್ಕಳು. ಆಮೇಲೆ ಅಷ್ಟು ನಕ್ಕದ್ದು ನಾನು ಕೇಳಲಿಲ್ಲ. ಮಂಚ ಎತ್ತಿಸಿದ್ದಾಯಿತು. ಮರದ ತುಂಡು ಅಲ್ಲೇ ಇದೆ. ಗುಡಿಸುವಾಗ ಅದರ ಸುತ್ತ ಗುಡಿಸುತ್ತೇನೆ.

ಎಂಜಿನಿಯರ ಕೋಣೆಯಲ್ಲಿ ಆ ಬಾಗು ಪರದೆಯ ಮೇಲೆ ಬಂದಾಗ ನನಗೆ ನೆನಪಾದದ್ದು ಇದು. ಅಳು ಬಂತು ಎಂದು ಬರೆದರೆ ಪತ್ರಕ್ಕೆ ಶೋಭೆ. ಬರಲಿಲ್ಲ. ಆದರೆ ಏನೋ ಒಂದು ಸಣ್ಣದು, ಕಾಲಿಗೆ ಜೋಮು ಹಿಡಿದು ಬಿಡುವಾಗ ಚುಚ್ಚುತ್ತದಲ್ಲ, ಹಾಗೆ ಚುಚ್ಚಿತು. ಅದಕ್ಕೇ ಈ ಪತ್ರ.

ಸಬ್ಮಿಟ್ ಮಾಡಬೇಕಾದದ್ದು ಏನೆಂದು ಈಗ ನೆನಪಾಯಿತು. ಸೋಮವಾರ ಹಾರೆ ಎತ್ತುವ ಮೊದಲು ತಾವೇ ಮೂರನೆಯ ಮಹಡಿ ಹತ್ತಿ, ಆ ಕೋಣೆಯಲ್ಲಿ ಕೂತು, ಅಸಲು ಫೈಲು ತೆರೆಸಿ. ಗಿರಗಿರ ಸುತ್ತುತ್ತದೆ, ಏಳಬೇಡಿ. ಪರದೆ ಬೆಳ್ಳಗಾಗುತ್ತದೆ, ಹೆದರಬೇಡಿ. ನಮ್ಮ ಬೀದಿ ಬರುವ ತನಕ, ಆ ಬಾಗು ಪೂರ್ತಿ ಮೂಡುವ ತನಕ ಕಾಯಿರಿ. ನೋಡಿದ ಮೇಲೆ, ನೋಡಿದ್ದೇನೆ ಎಂದು ತೆರವು ವಿಭಾಗಕ್ಕೆ ಒಂದು ಸಾಲು ಬರೆಯಿರಿ. ಇಷ್ಟೇ ನನ್ನ ಬೇಡಿಕೆ. ಊರಲ್ಲಿ ಇಂಥ ಬಾಗು ಇನ್ನೆಷ್ಟು ಮನೆಗಳ ಪಕ್ಕದಲ್ಲಿವೆಯೋ ನನಗೆ ಗೊತ್ತಿಲ್ಲ. ಅದು ತಮ್ಮ ದೊಡ್ಡ ಫೈಲಿಗೆ ಗೊತ್ತು. ನಕ್ಷೆಯನ್ನು ಚೌಕ ಮಾಡಿ ಕತ್ತರಿಸಲು ಎಂಜಿನಿಯರಿಗೆ ಅನುಮತಿ ಕೊಟ್ಟರೆ ಅವರಿಗೂ ಗೊತ್ತಾಗುತ್ತದೆ.

ಅಷ್ಟೂ ಆಗದಿದ್ದರೆ ಸೋಮವಾರ ತಾವೇ ಮನೆಗೆ ಬನ್ನಿ. ಒಂದು ಆಲೂಗಡ್ಡೆ ಕೊಡುತ್ತೇನೆ, ಅಡುಗೆಮನೆಯ ನೆಲದ ಮೇಲೆ ಬಿಟ್ಟು ನೋಡಿ. ಬಂಡೆ ಎಲ್ಲಿದೆ ಎಂದು ಅದು ಹೇಳುತ್ತದೆ. ಟೀ ಮಾಡಿಕೊಡುತ್ತೇನೆ. ನಾದಿನಿಯೂ ಇರುತ್ತಾಳೆ, ಬಣ್ಣದ ಡಬ್ಬ ಮಾತ್ರ ತರಬೇಡಿ.

ಇಂತಿ,
ತಮ್ಮ ನಕ್ಷೆಯ ಪ್ರಕಾರ ನಡುನೀರಿನಲ್ಲಿ ಕೂತು, ಕಾಗದ ಒದ್ದೆಯಾಗದಂತೆ ಇದನ್ನು ಬರೆದ
ಕನ್ನಡಕದ ಅಂಗಡಿಯವನು