ಬಲಸೆರಗಿನ ಫೋಟೋ, ಎಡಗಡೆಯ ಮುಚ್ಚಳ

ಧಾರವಾಡ
೨೧೩೧ನೇ ಇಸವಿ, ಹದಿಮೂರನೇ ತಿಂಗಳು, ನಾಲ್ಕನೇ ದಿನ

ಫೋಟೋದಲ್ಲಿ ಗಾಡಿಗೆ ಒರಗಿ ನಿಂತಿರುವ ಹಿರಿಯಮ್ಮನಿಗೆ,

ನನ್ನ ಅಕ್ಷರ ಸೊಟ್ಟಗಿದೆ, ಕಾಗುಣಿತವೂ ಅಲ್ಲಲ್ಲಿ ತಪ್ಪಬಹುದು, ಮನ್ನಿಸಬೇಕು. ನಾನು ನಾಲ್ಕನೇ ಇಯತ್ತೆಯವರೆಗೆ ಕಲಿತವಳು. ಹದಿಮೂರನೇ ತಿಂಗಳು ಎಂಬುದು ನಿಮಗೆ ವಿಚಿತ್ರವಾಗಿ ಕಾಣುತ್ತದೆಂದು ಬಲ್ಲೆ. ಬಿಸಿಲು ಮಿತಿಮೀರಿದ ಮೇಲೆ ಬೇಸಿಗೆಯ ನಡುವಿನ ದಿನಗಳನ್ನು ಬೇರೆ ಮಾಡಿ ಅದಕ್ಕೆ ನೆರಳುತಿಂಗಳು ಎಂದು ಹೆಸರಿಟ್ಟಿದ್ದಾರೆ. ಆಗ ಹೊತ್ತೇರಿದ ಮೇಲೆ ಯಾರೂ ಹೊರಗೆ ದುಡಿಯುವಂತಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಾನು ನೀಲವ್ವ, ನಿಮ್ಮಿಂದ ಆರನೇ ತಲೆಮಾರಿನವಳು. ನಿಮ್ಮ ಆ ಉದ್ದನೆಯ ಗಾಡಿ, ನೀವು ಸ್ಟೇಷನ್ ವ್ಯಾಗನ್ ಎನ್ನುತ್ತಿದ್ದಿರಂತೆ, ನನ್ನ ಅವ್ವನ ತವರಿನಿಂದ ನಮಗೆ ಬಂತು. ನಾನು ಸಣ್ಣವಳಿದ್ದಾಗಲೇ ಅವ್ವ ತೀರಿಕೊಂಡಳು. ಅಪ್ಪ ಅಡಿವೆಪ್ಪನದು ತಗಡು ಬಡಿಯುವ ಕೆಲಸ. ಅವನು ಹನ್ನೊಂದು ವರ್ಷ ಆ ಗಾಡಿಯನ್ನು ದುರಸ್ತಿ ಮಾಡಿದ. ಸೀಟುಗಳನ್ನು ನಾನು ಹೊಲಿದೆ.

ಈಗ ರಸ್ತೆಯ ಮೇಲೆ ಎಣ್ಣೆಯ ಗಾಡಿಗಳಿಲ್ಲ. ಪೆಟ್ರೋಲಿನ ವಾಸನೆ ಹೇಗಿತ್ತೆಂದು ಹೇಳಬಲ್ಲವರು ಯಾರೂ ಬದುಕಿಲ್ಲ. ಆದರೂ ಹಳೆಯ ಗಾಡಿಗಳೆಂದರೆ ಪ್ರಾಣ ಬಿಡುವವರಿದ್ದಾರೆ. ಅವರಿಗಾಗಿ ಊರಲ್ಲಿ ಗಾಡಿಮನೆ ಇದೆ. ಸಂಗ್ರಹಿಸುವವರು ದೂರದಿಂದ ಬಂದು ಬಾಗಿಲು ತೆಗೆದು, ಮತ್ತೆ ಹಾಕಿ ಅದರ ಸಪ್ಪಳ ಕೇಳುತ್ತಾರೆ. ಕೆಲವರು ಹಿಂದಿನ ಸೀಟಿನಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ಕುಳಿತು ಎದ್ದು ಹೋಗುತ್ತಾರೆ. ಅಲ್ಲಿ ಗಾಡಿ ಇಡಬೇಕಾದರೆ ಮೂಲಚೀಟಿ ಬೇಕು. ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆಯೇ ಇದೆ ಎಂದು ಪರೀಕ್ಷಕರು ಬರೆದುಕೊಡುವ ಚೀಟಿ ಅದು. ಅದರ ಕೆಳಗೆ ದುರಸ್ತಿ ಮಾಡಿದವನ ಹೆಸರಿರುತ್ತದೆ. ಚೀಟಿ ಸಿಗದ ಗಾಡಿಯನ್ನು ಒಡೆದು ಕರಗಿಸುತ್ತಾರೆ.

ನಿಮ್ಮ ಗಾಡಿ ನಮಗೆ ಬಂದಾಗ ಹಿಂಭಾಗದ ಎರಡೂ ಪಕ್ಕದ ತಗಡನ್ನು ತುಕ್ಕು ತಿಂದುಹಾಕಿತ್ತು. ಎಣ್ಣೆಯ ಟ್ಯಾಂಕು ಇರಲೇ ಇಲ್ಲ. ಎಣ್ಣೆ ಹಾಕುವ ಮುಚ್ಚಳ ಯಾವ ಪಕ್ಕಕ್ಕಿತ್ತು ಎಂದು ತಿಳಿಯಲು ಇಂಥ ಇನ್ನೊಂದು ಗಾಡಿ ಎಲ್ಲೂ ಉಳಿದಿಲ್ಲ. ಅಪ್ಪನಿಗೆ ಇದ್ದ ಆಧಾರ ನಿಮ್ಮ ಫೋಟೋ ಒಂದೇ. ಅದರಲ್ಲಿ ಗಾಡಿಯ ಹಿಂದಿನ ಪಕ್ಕವಷ್ಟೇ ಬಿದ್ದಿದೆ, ನಿಮ್ಮ ಮೊಣಕೈಯ ಹತ್ತಿರ ಎಡಪಕ್ಕದಲ್ಲಿ ಮುಚ್ಚಳ ಕಾಣುತ್ತದೆ. ಅಪ್ಪ ಎಡಕ್ಕೇ ಇಟ್ಟ.

ಪರೀಕ್ಷಕಿ ವಾಗ್ದೇವಿ ಮೇಡಂ ದಕ್ಷಿಣದ ಕಡೆಯವರು. ಗಾಡಿಯನ್ನು ಎರಡು ಸುತ್ತು ನೋಡಿ, ಫೋಟೋವನ್ನು ಬೆಳಕಿಗೆ ಹಿಡಿದರು.

"ಅಡಿವೆಪ್ಪನವ್ರೇ, ಕೆಲಸ ಚಿನ್ನದಂಥದ್ದು. ಆದ್ರೆ ಈ ಫೋಟೋನೇ ಎಡಬಲ ತಿರುಗುಮುರುಗಾಗಿ ಅಚ್ಚಾಗಿದೆ. ಈಕೆ ಸೆರಗು ನೋಡಿ, ಬಲ ಹೆಗಲ ಮೇಲಿದೆ. ಸೆರಗು ಎಡಕ್ಕೆ ತಾನೇ ಹಾಕೋದು? ಅಂದ್ಮೇಲೆ ಮುಚ್ಚಳಾನೂ ಬಲಕ್ಕೇ ಇದ್ದಿದ್ದು. ಸರಿ ಮಾಡಿಬಿಡಿ, ಚೀಟಿ ಕೊಡ್ತೀನಿ."

ಅಪ್ಪ ಬಹಳ ಹೊತ್ತು ಫೋಟೋ ನೋಡಿದ. ಆಮೇಲೆ ನಕ್ಕ. "ಹೌದಲ್ರೀ! ಹನ್ನೊಂದ್ ವರ್ಷ ಕನ್ನಡಿ ನೋಡಿ ಗಾಡಿ ಕಟ್ಟೇನಿ ನೋಡ್ರಿ. ಲೇ ನೀಲಿ, ನಿಮ್ಮಪ್ಪನಂಥಾ ಹುಚ್ಚ ಇನ್ನೊಬ್ಬ ಎಲ್ಲೆರ ಅದಾನೇನ?"

ನಾನು ಚಹದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವ್ವನ ಅವ್ವ ನನಗೆ ತಲೆ ಬಾಚುವಾಗ ಹೇಳಿದ್ದಳು, "ನಮ್ಮ ಮನ್ಯಾಗ ಹಿರೇರೆಲ್ಲಾ ಬಲಸೆರಗಿನವ್ರವಾ. ಎಡಕ್ಕ ಹೊತ್ತಾಕಿ ನಾನ ಮೊದಲನೇದಾಕಿ. ಎಷ್ಟ್ ಬೈಸ್ಕೊಂಡೀನಿ!" ಅಪ್ಪನಿಗೆ ಆ ಮಾತು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೇಡಂ ಓದಿದವರು, ನಾನು ಏನೆಂದು ಬಾಯಿ ಹಾಕಲಿ? "ಸಕ್ಕರಿ ಬೇಕೇನ್ರಿ?" ಎಂದಷ್ಟೇ ಕೇಳಿದೆ.

ಮರುದಿನ ಅಪ್ಪನಿಗೊಬ್ಬನಿಗೇ ಹೇಳೋಣ ಎಂದುಕೊಂಡೆ. ನೀರಿನ ಸರದಿ ಮುಗಿಸಿ ಬರುವಷ್ಟರಲ್ಲಿ ಅವನು ಬಲಪಕ್ಕದ ತಗಡನ್ನು ಕತ್ತರಿಸಿ, ಎಡಗಡೆಯದನ್ನು ಮುಚ್ಚಿಬಿಟ್ಟಿದ್ದ. ಕತ್ತರಿಸಿದ ಮೇಲೆ ಹೇಳಿದರೆ ಅದು ಅವನನ್ನು ಹೊಡೆದಂತೆಯೇ ಎಂದು ಸುಮ್ಮನಾದೆ.

ಚೀಟಿ ಬಂತು. ಅದರಲ್ಲಿ ಅಪ್ಪನ ಹೆಸರೂ ಬಂತು. ಆದರೆ ಅವನು ಮತ್ತೆ ಸುತ್ತಿಗೆ ಹಿಡಿಯಲಿಲ್ಲ. ಕೆಲಸ ತಂದವರಿಗೆ, "ಬ್ಯಾಡ್ರಿ, ನನ್ನ ಕಣ್ಣಿನ ಮ್ಯಾಲೆ ನನಗ ನಂಬಿಗಿ ಉಳದಿಲ್ಲ" ಎನ್ನುತ್ತಿದ್ದ. ಎರಡು ತಿಂಗಳಲ್ಲಿ ಜ್ವರ ಬಂದು ಹೋಗಿಬಿಟ್ಟ. ತಾನೇ ತಪ್ಪೆಂದು ತಿಳಿದುಕೊಂಡೇ ಹೋದ.

ಈಗ ಗಾಡಿಯನ್ನು ಮಾರಾಟಕ್ಕೆ ಗಾಡಿಮನೆಯಲ್ಲಿ ನಿಲ್ಲಿಸಿದ್ದಾರೆ. ನಾನು ಬಲಸೆರಗಿನ ಮಾತು ಹೇಳಿದರೆ ಅಪ್ಪ ಮೊದಲು ಮಾಡಿದ್ದೇ ಸರಿ ಎಂದಾಗಬಹುದು. ಆದರೆ ಮತ್ತೆ ಎಡಕ್ಕೆ ಸರಿಸಲು ಅವನಿಲ್ಲ; ಚೀಟಿ ಹೋಗುತ್ತದೆ, ಅವನ ಹೆಸರು ಹೋಗುತ್ತದೆ, ಗಾಡಿಯನ್ನೂ ಒಡೆಯುತ್ತಾರೆ. ಹೇಳದಿದ್ದರೆ ಅವನ ಹೆಸರು ಅವನದಲ್ಲದ ತಪ್ಪಿನ ಕೆಳಗೆ ಉಳಿಯುತ್ತದೆ. ಅಜ್ಜಿಯ ಮಾತೊಂದನ್ನು ನಂಬಿ ಯಾವುದನ್ನು ಆರಿಸಲಿ, ನನಗೆ ತಿಳಿಯುತ್ತಿಲ್ಲ. ನಿಜ ಗೊತ್ತಿರುವುದು ನಿಮಗೆ ಮಾತ್ರ.

ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೋ ತಿಳಿಯದು. ಮುಟ್ಟಿದರೆ ಒಂದು ಉಪಕಾರ ಮಾಡಿ. ಇನ್ನೊಮ್ಮೆ ಎಣ್ಣೆ ಹಾಕಿಸುವಾಗ ಕೆಳಗಿಳಿದು ನೋಡಿ, ಎಡವೋ ಬಲವೋ ಆ ಫೋಟೋದ ಬೆನ್ನಿಗೆ ಬರೆದಿಡಿ. ನಿಮ್ಮ ಅಕ್ಷರವೂ ನನ್ನದರಂತೆ ಸೊಟ್ಟಗಿದ್ದರೆ ಚಿಂತೆಯಿಲ್ಲ, ಓದಿಕೊಳ್ಳುತ್ತೇನೆ.

ಇಂದು ಹೊತ್ತೇರುವ ಮೊದಲು ಗಾಡಿಮನೆಗೆ ಹೋಗಿದ್ದೆ. ವಾಗ್ದೇವಿ ಮೇಡಂ, "ಏನಮ್ಮಾ, ಏನಾದ್ರೂ ಹೇಳೋದಿತ್ತಾ?" ಎಂದರು. "ಏನಿಲ್ರಿ, ನೋಡಾಕ ಬಂದಿದ್ದೆ" ಎಂದೆ. ಬಲಪಕ್ಕದಲ್ಲಿ ಯಾರೋ ಗಂಡಹೆಂಡತಿ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ನಾನು ಆಚೆ ಪಕ್ಕಕ್ಕೆ ಹೋಗಿ, ಅಪ್ಪ ಮುಚ್ಚಿದ ಜಾಗವನ್ನು ಅಂಗೈಯಿಂದ ಹುಡುಕಿದೆ. ಎಷ್ಟು ಸವರಿದರೂ ಬೆಸುಗೆಯ ಗೆರೆ ಕೈಗೆ ಹತ್ತಲಿಲ್ಲ.