ದನಕ್ಕೆಂದು ಕೊಂಡ ಹಣ್ಣು

ದರ್ಬೆ, ಪುತ್ತೂರು
೨೬-೫-೧೯೫೯, ಮಂಗಳವಾರ

ಪ್ರೀತಿಯವರಿಗೆ ನಿಮ್ಮ ವಸುಮತಿಯ ನಮಸ್ಕಾರಗಳು.

ಜ್ವರ ಬಿಟ್ಟಿದೆಯೆ? ರಾತ್ರಿಯ ಕೆಮ್ಮು ಹೇಗಿದೆ? ಇಂಜೆಕ್ಷನ್ ಚುಚ್ಚಿದಲ್ಲಿ ಬಾವು ಬಂದಿದೆ ಎಂದು ಬರೆದಿದ್ದಿರಿ, ಅದು ಇಳಿಯಿತೆ? ಆರೋಗ್ಯಧಾಮದಲ್ಲಿ ಕೊಡುವ ಹಾಲನ್ನು ಪಕ್ಕದ ಮಂಚದವರಿಗೆ ದಾಟಿಸದೆ ನೀವೇ ಕುಡಿಯಿರಿ. ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೆ. ಮಂಗಳೂರಿಗೆ ಹೋಗಿ ನನ್ನ ಎದೆಯ ಪಟವನ್ನೂ ತೆಗೆಸಿಯಾಯಿತು. ಏನೂ ಇಲ್ಲವಂತೆ, ಆ ಚಿಂತೆ ಬಿಡಿ.

ಒಬ್ಬಳೇ ಇದ್ದು ಏನು ಉಣ್ಣುತ್ತೀ ಎಂದು ಕೇಳಿದ್ದೀರಿ. ನಿಮ್ಮ ಅರ್ಧ ಸಂಬಳದ ರಜೆಯಲ್ಲಿ ನಾನು ಹಸಿದು ಕೂತಿದ್ದೇನೆ ಎಂದು ನಿಮ್ಮ ಎಣಿಕೆ. ಹಾಗೇನಿಲ್ಲ. ಸೋಮವಾರದ ಸಂತೆಗೆ ಈಗ ಬೆಳಿಗ್ಗೆ ಹೋಗುವುದನ್ನು ಬಿಟ್ಟಿದ್ದೇನೆ. ಬಿಸಿಲು ಇಳಿದು, ಗಾಡಿಯವರು ಎತ್ತು ಹೂಡುವ ಹೊತ್ತಿಗೆ ಹೋಗುತ್ತೇನೆ. ಕಳಿತ ಹಣ್ಣನ್ನು ಹೊತ್ತು ಹಿಂದಕ್ಕೆ ಒಯ್ಯಲು ಆಗ ಯಾರಿಗೂ ಮನಸ್ಸಿರುವುದಿಲ್ಲ. ಸಿಪ್ಪೆ ಕಪ್ಪಾದ ನೇಂದ್ರಬಾಳೆ, ಒಂದು ಮಗ್ಗುಲು ಮೆತ್ತಗಾದ ಮಾವು, ಮುರಿದ ಸೌತೆ, ಬಿರಿದ ಟೊಮೆಟೊ, ಎಲ್ಲವೂ ಕಾಲು ಕ್ರಯಕ್ಕೆ ಸಿಗುತ್ತದೆ. ಕೆಟ್ಟದ್ದನ್ನು ಕೊಯ್ದು ತೆಗೆದರೆ ಉಳಿದದ್ದು ಬೆಳಗಿನ ಹಣ್ಣಿಗಿಂತಲೂ ಸಿಹಿ. ಟೊಮೆಟೊ ಅಂದೇ ಸಾರಾಗುತ್ತದೆ, ಸೌತೆ ಹುಳಿಗೆ ಹೋಗುತ್ತದೆ. ಮಾವಿನ ರಸವನ್ನು ಚಾಪೆಯ ಮೇಲೆ ಎರೆದು, ಒಣಗಿದ ಹಾಗೆ ಮತ್ತೆ ಮತ್ತೆ ಎರೆದು ಮಾಂಬಳ ಮಾಡುತ್ತಿದ್ದೇನೆ. ಮಳೆ ಹಿಡಿಯುವ ಮೊದಲು ಇನ್ನು ನಾಲ್ಕು ಬಿಸಿಲು ಸಿಕ್ಕರೆ ಸಾಕು. ಕಾಗೆ ಕಾಯುವ ನೆಪದಲ್ಲಿ ಅಂಗಳದಲ್ಲಿ ಕೂತರೆ ಮಧ್ಯಾಹ್ನವೂ ಹೇಗೋ ಕಳೆಯುತ್ತದೆ.

ಮೊದಮೊದಲು ಬಹಳ ನಾಚಿಕೆಯಾಗುತ್ತಿತ್ತು. ಮಾಸ್ತರರ ಹೆಂಡತಿ ಕೊಳೆತದ್ದನ್ನು ಹೆಕ್ಕುತ್ತಾಳೆ ಎಂದಾರು ಎಂಬ ಹೆದರಿಕೆಗೆ, ಹಣ್ಣು ಮಾರುವ ಹಂಝ ಬ್ಯಾರಿಯ ಹತ್ತಿರ ದನಕ್ಕೆ ಎಂದುಬಿಟ್ಟೆ. ದನಕ್ಕಲ್ಲವೆ ಎಂದು ಅವನು ಪೂರ್ತಿ ಕೊಳೆತದ್ದನ್ನೂ ಧಾರಾಳವಾಗಿ ಬುಟ್ಟಿಗೆ ಸುರಿಯುತ್ತಿದ್ದ. ಮನೆಗೆ ತಂದು ಅರ್ಧಕ್ಕರ್ಧ ಎಸೆಯುವುದಾಯಿತು. ಕೆಲವು ಸಂತೆ ಕಳೆದ ಮೇಲೆ ಒಂದು ದಿನ, "ದನ ಎಷ್ಟು ಹಾಲು ಕೊಡ್ತದೆ ಅಕ್ಕಾ?" ಎಂದು ಕೇಳಿದ. ನಮ್ಮಲ್ಲಿ ದನವೆಲ್ಲಿದೆ? ನನ್ನ ಕಣ್ಣು ತುಂಬಿದ್ದನ್ನು ಅವನು ನೋಡಿರಬೇಕು. ಮತ್ತೇನೂ ಕೇಳದೆ ಬುಟ್ಟಿಯಲ್ಲಿದ್ದುದನ್ನು ಹಿಂದಕ್ಕೆ ಸುರಿದು, ಒಂದೊಂದೇ ಹಣ್ಣನ್ನು ಒತ್ತಿ ನೋಡಿ ಒಳ್ಳೆಯದನ್ನೇ ಆರಿಸಿ ಹಾಕಿದ. ಕ್ರಯ ಮಾತ್ರ ದನಕ್ಕೆಂದು ಕೊಡುವ ಹಣ್ಣಿನದೇ. ಅಂದಿನಿಂದ ಹಾಗೆಯೇ ನಡೆದಿದೆ.

ತರುವುದು ಕಷ್ಟವಲ್ಲ, ತಿಂದು ಮುಗಿಸುವುದು ಕಷ್ಟ. ಕಳಿತ ಹಣ್ಣು ನಾಳೆಗೆ ಕಾಯುವುದಿಲ್ಲ, ಮನೆಯಲ್ಲಿರುವವಳು ನಾನೊಬ್ಬಳು. ಹೋದ ವಾರ ನೇಂದ್ರಹಣ್ಣಿನ ಹಲ್ವ ಮಾಡಿದೆ. ನೀವಿದ್ದಿದ್ದರೆ ಬಾಣಲೆ ಕೆರೆಯುವುದಕ್ಕೆಂದೇ ಅಡಿಗೆಕೋಣೆಗೆ ಬಂದು ಕೂರುತ್ತಿದ್ದಿರಿ. ಒಂದಿಷ್ಟನ್ನು ಬಾಳೆಲೆಯಲ್ಲಿ ಕಟ್ಟಿ ಆಚೆಮನೆಯ ಮೂಕಾಂಬಿಕಕ್ಕನಿಗೆ ಕೊಟ್ಟೆ. ನಗುತ್ತಲೇ ತೆಗೆದುಕೊಂಡರು. ಮರುದಿನ ಅವರ ಗೊಬ್ಬರದ ಗುಂಡಿಯಲ್ಲಿ ಅದೇ ಕಟ್ಟು, ಬಿಚ್ಚದೆ ಬಿದ್ದಿತ್ತು. ಸಣ್ಣ ಮಕ್ಕಳಿರುವ ಮನೆ, ನಿಮ್ಮ ಕಾಯಿಲೆ ಅಂಟೀತೆಂಬ ಭಯ. ಬೈಯುವುದಾದರೂ ಹೇಗೆ? ನಾನು ಬಾವಿಕಟ್ಟೆಗೆ ಬಂದರೆ ಅವರು ಕೊಡ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಈಗೀಗ ನನ್ನ ಸ್ವರ ನನಗೇ ಕೇಳುವುದು ಮುಸ್ಸಂಜೆ ದೀಪ ಹಚ್ಚಿ ಹಾಡು ಹೇಳುವಾಗ ಮಾತ್ರ. ಅದೂ ಕೆಲವು ದಿನ ನಡುವಿನಲ್ಲೇ ನಿಂತುಹೋಗುತ್ತದೆ.

ಉಳಿದ ಹಲ್ವವನ್ನು ನಿನ್ನೆ ಸಂತೆಗೆ ಒಯ್ದೆ. ಹಂಝನಿಗೆ ಮುಚ್ಚಿಟ್ಟು ಕೊಡಲು ಮನಸ್ಸಾಗಲಿಲ್ಲ. ನೀವು ಎಲ್ಲಿದ್ದೀರಿ, ಕಾಯಿಲೆ ಯಾವುದು, ಎಲ್ಲ ಹೇಳಿಯೇ ಎಲೆಯ ಕಟ್ಟನ್ನು ಮುಂದಿಟ್ಟೆ. ಅವನು ಹೆಗಲ ಮೇಲಿನ ಬೈರಾಸಿಗೆ ಕೈ ಒರೆಸಿಕೊಂಡು, ಅಲ್ಲೇ ನನ್ನೆದುರು ನಿಂತು ಒಂದು ತುಂಡು ಬಾಯಿಗೆ ಹಾಕಿದ. ಮೆಲ್ಲಗೆ ತಿಂದು, "ಸಕ್ಕರೆ ಸ್ವಲ್ಪ ಹೆಚ್ಚಾಯ್ತು ಅಕ್ಕಾ. ಹಣ್ಣಲ್ಲೇ ಸಿಹಿ ಉಂಟಲ್ಲ" ಎಂದ. ನನ್ನ ಅಡಿಗೆಗೆ ಯಾರಾದರೂ ಕೊರತೆ ಹೇಳಿ ಎಷ್ಟು ಕಾಲವಾಗಿತ್ತು. ದರ್ಬೆಯವರೆಗೂ ಸೆರಗಿನಲ್ಲಿ ಕಣ್ಣೊರೆಸುತ್ತ ನಡೆದು ಬಂದೆ.

ಟಪ್ಪಾಲು ಕಟ್ಟುವ ಹೊತ್ತಾಯಿತು. ಮದ್ದು ತಪ್ಪಿಸಬೇಡಿ. ನಿಮ್ಮ ಪಕ್ಕದ ಮಂಚದ ಹಿರಿಯರಿಗೂ ನನ್ನ ನಮಸ್ಕಾರ ತಿಳಿಸಿ. ಮಹಾಲಿಂಗೇಶ್ವರ ನಿಮ್ಮನ್ನು ಕಾಯಲಿ.

ಇಂತು ನಿಮ್ಮ
ವಸುಮತಿ

ಮರೆತ ಮಾತು: ಖರ್ಚು ಸಾಕು, ಮುಂದಿನ ತಿಂಗಳು ಮದ್ದು ಬಿಟ್ಟು ಬಂದುಬಿಡುತ್ತೇನೆ ಎಂದು ಬರೆದಿದ್ದೀರಲ್ಲ, ಬರಬೇಡಿ. ಡಾಕ್ಟರು ಕಳಿಸುವವರೆಗೆ ಬರಲೇಬೇಡಿ. ನಾನೇ ಬರುತ್ತೇನೆ. ಈ ಮನೆ ಬಿಡುವುದಾಗಿ ಮನೆಯೊಡೆಯರಿಗೆ ಇವತ್ತು ಹೇಳಿ ಆಯಿತು. ಇದರ ಬಾಡಿಗೆಗೆ ಅಲ್ಲಿ ಹತ್ತಿರದಲ್ಲಿ ಒಂದು ಕೋಣೆ ಸಿಕ್ಕೀತು. ಮರ್ಕಂಜದಿಂದ ತಮ್ಮ ಅಚ್ಚುತ ಬಂದು ಮಂಗಳೂರಿನಿಂದ ರೈಲಿನಲ್ಲಿ ಜೊತೆಗೆ ಬರುತ್ತಾನೆ. ಸಿಟ್ಟಾಗಬೇಡಿ. ಆ ಊರಲ್ಲಿ ಸಂತೆ ಯಾವ ದಿನ ಎಂದು ಯಾರಲ್ಲಾದರೂ ವಿಚಾರಿಸಿ ಬರೆಯಿರಿ.